ಕೆಳಗೆ ಗ್ಯಾರೇಜ್, ಮೇಲೆ ಮನೆ: ಅನುಭವ ಇದ್ದವರು ಹೇಳಿ

ಪ್ರಶ್ನೆ: ಬೆಂಗಳೂರಿನ ವಿಲ್ಸನ್ ಗಾರ್ಡನ್‌ನಲ್ಲಿ ನಮ್ಮದು 30×40 ಸೈಟು. ಹಳೇ ಮನೆ ಒಡೆದು ಹೊಸದು ಕಟ್ಟಿಸಬೇಕು. ಕೆಳಗೆ ಅಪ್ಪನ ಕಾಲದಿಂದ ಒಬ್ಬರು ಕಾರ್ ಮೆಕ್ಯಾನಿಕ್ ಬಾಡಿಗೆಗೆ ಇದ್ದಾರೆ. ಅವರನ್ನೇ ಉಳಿಸಿಕೊಳ್ಳಬೇಕು ಅಂತ ನನ್ನಾಸೆ. ಬಟ್ಟೆ ಅಂಗಡಿಗೆ ಕೊಡೋಣ ಅಂತಾರೆ ಮನೆಯವರು. ಪ್ಲಾನ್‌ನಲ್ಲಿ ಏನು ನೋಡಿಕೊಳ್ಳಬೇಕು?

ಉತ್ತರ: ಖಂಡಿತ ಉಳಿಸಿಕೊಳ್ಳಿ ಸರ್. ನಾನು ಆರ್ಕಿಟೆಕ್ಟ್, ಕೆಳಗೆ ಅಂಗಡಿ ಮೇಲೆ ಮನೆ ಇರುವ ಕಟ್ಟಡಗಳೇ ನನ್ನ ಕೈಗೆ ಜಾಸ್ತಿ ಬರುವುದು. ಮೊದಲು ಆ ಜಾಗದಲ್ಲಿ ಗ್ಯಾರೇಜಿಗೆ ಅವಕಾಶ ಇದೆಯಾ ಅಂತ ಪಾಲಿಕೆಯಲ್ಲಿ ವಿಚಾರಿಸಿ. ಆಮೇಲೆ ಕಂಬದ ಲೆಕ್ಕ. ಮೇಲಿನ ರೂಮುಗಳನ್ನು ನೋಡಿಕೊಂಡು ಕಂಬ ಇಟ್ಟರೆ, ಒಂದು ಕಂಬ ಗ್ಯಾರೇಜಿನ ನಡುಮಧ್ಯ ಬಂದು ನಿಲ್ಲುತ್ತದೆ. ಅಲ್ಲಿಗೆ ಒಂದು ಗಾಡಿಯ ಜಾಗ ಹೋಯಿತು. ಇನ್ನೋವಾದಂಥ ಗಾಡಿ 6 ಅಡಿ ಅಗಲ, 15 ಅಡಿಗಿಂತ ಉದ್ದ. ಬಾಗಿಲು ತೆಗೆದು ಕೆಲಸ ಮಾಡಲು ಎರಡೂ ಪಕ್ಕದಲ್ಲಿ 3 ಅಡಿಯಾದರೂ ಬೇಕು. ನಡುವಿನ ಜಾಗವನ್ನು ಹಂಚಿಕೊಂಡರೂ ಎರಡು ಗಾಡಿಗೆ 21 ಅಡಿ. ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗ) ಕಳೆದರೆ ನಿಮ್ಮಲ್ಲಿ ಉಳಿಯುವುದು ಹೆಚ್ಚುಕಮ್ಮಿ ಅಷ್ಟೇ, ಹಾಗಾಗಿ ಕಂಬಗಳೆಲ್ಲ ಗೋಡೆ ಸಾಲಿಗೇ ಹೋಗಲಿ. ನಡುವೆ ಕಂಬ ಇಲ್ಲದ್ದರಿಂದ ಬೀಮ್ ಸುಮಾರು 2 ಅಡಿ ಆಳ ಬರುತ್ತದೆ, ಕಬ್ಬಿಣ ಜಾಸ್ತಿ ಹಿಡಿಯುತ್ತದೆ. ಬೇರೆ ಎಲ್ಲಾದರೂ ಉಳಿಸಿ, ಇಲ್ಲಿ ಬೇಡ.

ಬೀಮ್ ಕೆಳಗೆ 12 ಅಡಿ ಎತ್ತರ ಬಿಡಿ. ಇವತ್ತು ಜಾಕಿಯಲ್ಲಿ ಕೆಲಸ ನಡೆಯುತ್ತಿರಬಹುದು, ನಾಳೆ ಅವರು ಗಾಡಿ ಎತ್ತುವ ಲಿಫ್ಟ್ ಹಾಕಿಸಬಹುದು. ಗಾಡಿಯ ಅಡಿಯಲ್ಲಿ ಇಳಿದು ಕೆಲಸ ಮಾಡುವ ಗುಂಡಿ ಮಾತ್ರ ತೋಡಿಸಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಹೋಗಿ ಗುಂಡಿಯಲ್ಲೇ ಕೂರುತ್ತದೆ. ಒಂದು ಕಿಡಿ ಸಾಕು, ಮೇಲೆ ಮಕ್ಕಳು ಮಲಗಿರುತ್ತಾರೆ.

ನೆಲಕ್ಕೆ ನುಣುಪು ಟೈಲ್ಸ್ ಬೇಡ, ಒರಟು ಸಿಮೆಂಟೇ ಸರಿ. ಅದರ ಇಳಿಜಾರು ರಸ್ತೆ ಕಡೆಗಲ್ಲ, ಒಳಗೇ ಒಂದು ಚೇಂಬರ್ ಕಡೆಗಿರಲಿ. ಅದರೊಳಗೆ ಎಣ್ಣೆ ಮೇಲೆ ತೇಲುತ್ತದೆ, ನೀರು ಅಡ್ಡಗೋಡೆಯ ಕೆಳಗಿನಿಂದ ಹಾದು ಒಳಚರಂಡಿಗೆ ಹೋಗುತ್ತದೆ. ತೇಲಿದ ಎಣ್ಣೆಯನ್ನು ಆಗಾಗ ತೆಗೆಯಬೇಕು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ನಿಮಗೆ ಹತ್ತಿರದ ಶಾಂತಿನಗರದ ಪಕ್ಕ ಹರಿಯುವ ರಾಜಕಾಲುವೆ (ಮಳೆನೀರಿನ ದೊಡ್ಡ ಕಾಲುವೆ) ಸೇರುವುದು ಬೆಳ್ಳಂದೂರು ಕೆರೆಗೆ. ನಿಮ್ಮ ಮುಂದಿನ ಮೋರಿಗೆ ಬಿಟ್ಟ ಎಂಜಿನ್ ಆಯಿಲ್ ಕೊನೆಗೆ ಅಲ್ಲಿಗೇ ಹೋಗುತ್ತದೆ. ಹಳೇ ಆಯಿಲ್ ಡ್ರಮ್ ಇಡಲು ಒಂದು ಮೂಲೆ ಮಾಡಿಸಿ. ಪರವಾನಗಿ ಇರುವ ಮರುಬಳಕೆಯವರಿಗೇ ಅದು ಹೋಗಬೇಕು, ಕಾನೂನೂ ಹಾಗೇ ಇದೆ.

ಇನ್ನೊಬ್ಬರು: ನಾವು ಗ್ಯಾರೇಜಿನ ಮೇಲೇ ಸಂಸಾರ ಮಾಡಿದವರು. ಎಂಜಿನ್ ಸದ್ದಿಗೆ ಹೊಂದಿಕೊಳ್ಳಬಹುದು. ನೆಗ್ಗಿದ ತಗಡು ಸರಿಮಾಡುವ ಟಿಂಕರಿಂಗ್ ಸುತ್ತಿಗೆ ಏಟು, ಪೇಂಟಿನ ತಿನ್ನರ್ ವಾಸನೆ, ಇವೆರಡಕ್ಕೆ ಆಗುವುದಿಲ್ಲ. ಊಟಕ್ಕೆ ಕೂತರೆ ಅನ್ನದಲ್ಲೂ ಅದೇ ವಾಸನೆ. ಆ ಎರಡು ಕೆಲಸ ಇಲ್ಲಿ ಬೇಡ ಅಂತ ಕರಾರಿನಲ್ಲೇ ಬರೆಸಿ. ಅಡುಗೆಮನೆ ಕಿಟಕಿ ಶಟರ್ ಮೇಲೆ ಬರದಿರಲಿ. ಮೆಟ್ಟಿಲು, ಗೇಟು ಬೇರೆಯೇ ಇರಲಿ, ಇಲ್ಲದಿದ್ದರೆ ದಿನಾ ಬಾನೆಟ್ ಪಕ್ಕ ಸೀರೆ ಹಿಡಿದುಕೊಂಡು ನುಸುಳಬೇಕು. ಒಳ್ಳೆಯದೂ ಇದೆ. ಮಗಳು ಟ್ಯೂಷನ್ ಮುಗಿಸಿ ಕತ್ತಲಾದ ಮೇಲೆ ಬಂದರೂ ಕೆಳಗೆ ದೀಪ, ನಾಲ್ಕು ಜನ ಗುರುತಿನವರು ಇರುತ್ತಿದ್ದರು. ಬಟ್ಟೆ ಅಂಗಡಿಯವರು ಅಷ್ಟೊತ್ತಿಗೆ ಶಟರ್ ಎಳೆದಿರುತ್ತಾರೆ.

ಮತ್ತೊಬ್ಬರು: ಅಣ್ಣಾ, ನಾನೇ ಮೆಕ್ಯಾನಿಕ್. ಕಂಬ, ಎತ್ತರ ಎಲ್ಲ ಸರಿ. ಆದರೆ ಒಡೆದು ಕಟ್ಟುವಷ್ಟು ದಿನ ಅವರೆಲ್ಲಿರುತ್ತಾರೆ? ನಮ್ಮ ಕಸುಬು ಆ ಬೀದಿ ಬಿಟ್ಟರೆ ನಡೆಯಲ್ಲ. ಕ್ಲಚ್ ಪ್ಲೇಟ್ ಬೇಕಂದರೆ ಹುಡುಗ ಸ್ಕೂಟರಲ್ಲಿ ಬಿಡಿಭಾಗದ ಅಂಗಡಿಗಳಿರೋ ಜೆ.ಸಿ. ರೋಡಿಗೆ ಹೋಗಿ ತರ್ತಾನೆ. ಲೇತ್‌ನವರು, ರೇಡಿಯೇಟರ್‌ನವರು, ಎಲೆಕ್ಟ್ರಿಷಿಯನ್, ಎಲ್ಲರೂ ಸುತ್ತಮುತ್ತಲೇ ಇರ್ತಾರೆ. ಊರಾಚೆ ಶೆಡ್ಡಿಗೆ ಹೋದರೆ ಇದ್ಯಾವುದೂ ಸಿಗಲ್ಲ. ಒಂದು ವರ್ಷ ಕಾಣದಿದ್ದರೆ ಗಿರಾಕಿ ಬೇರೆ ಕಡೆ ಹೋಗಿರ್ತಾನೆ. ಅದಕ್ಕೇ ಅದೇ ರಸ್ತೆಯಲ್ಲಿ ಒಂದು ಗಾಡಿ ನಿಲ್ಲುವಷ್ಟು ಜಾಗ ಕೊಡಿಸಿ, ಮುಗಿದ ಮೇಲೆ ಇಷ್ಟು ಬಾಡಿಗೆಗೆ ವಾಪಸ್ ಕೊಡ್ತೀವಿ ಅಂತ ಈಗಲೇ ಬರೆದುಕೊಡಿ. ಪ್ಲಾನ್ ಬರೆಸುವ ದಿನ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.