ಮಳೆ, ಹೊಳೆ, ಜ್ವರ ಎಲ್ಲದಕ್ಕೂ ‘ರೆಡ್ಯೂಸ್’ ಅಂದರೆ ನಡೆಯುತ್ತಾ?

ಹೊಳೆದಂಡೆ (ತೀರ್ಥಹಳ್ಳಿ):
ನಮ್ಮದು ಸಣ್ಣ ಹೋಮ್‌ಸ್ಟೇ. ಜುಲೈ ಬಂತೆಂದರೆ ಹೊರಗಿನವರ ಮೆಸೇಜು ಶುರು. ಮಳೆ ಕಡಿಮೆ ಆಯ್ತಾ, ತುಂಗೆ ಇಳಿದಳಾ, ಆಗುಂಬೆ ಕಡೆ ಗಾಳಿ ಹೇಗಿದೆ ಅಂತ. ನಾನು ಎಲ್ಲದಕ್ಕೂ ‘ರೆಡ್ಯೂಸ್’ ಅಂತಲೇ ಇಂಗ್ಲಿಷಿನಲ್ಲಿ ಟೈಪ್ ಮಾಡುತ್ತೇನೆ, ಮಗಳು ನಗುತ್ತಾಳೆ. ಡಿಕ್ಷನರಿಯಲ್ಲಿ ಅಬೇಟ್, ಸಬ್‌ಸೈಡ್, ರಿಸೀಡ್, ವೇನ್, ಡ್ವಿಂಡಲ್ ಎಲ್ಲದರ ಮುಂದೂ ‘ಕಡಿಮೆಯಾಗು’ ಅಂತಿದೆ. ಯಾವುದನ್ನು ಎಲ್ಲಿ ಹಾಕೋದು ಮಾರಾಯ್ರೆ?

ಸಾಗರದ ಮೇಷ್ಟ್ರು:
ರೆಡ್ಯೂಸ್ ಅಂದರೆ ಸಾಮಾನ್ಯವಾಗಿ ಯಾರಾದರೂ ಕಡಿಮೆ ಮಾಡಬೇಕು. ರೂಮಿನ ಬಾಡಿಗೆ ನೀವು ರೆಡ್ಯೂಸ್ ಮಾಡಬಹುದು. ಮಳೆಯನ್ನು ಮಾಡೋರು ಯಾರು? ನಮ್ಮಲ್ಲಿ ಎಲ್ಲರೂ ಹಾಗೇ ಬರೆಯುತ್ತಾರೆ, ಅರ್ಥವೂ ಆಗುತ್ತದೆ ಬಿಡಿ.

ಮಳೆಗೆ ‘ಲೆಟ್ ಅಪ್’ ಅಥವಾ ‘ಈಸ್ ಆಫ್’ ಹಾಕಿ. ನಮ್ಮ ಕಡೆ ಮಳೆಗೆ ‘ಹ್ಯಾಸ್ ನಾಟ್ ಲೆಟ್ ಅಪ್’ ಅನ್ನೋದೇ ಜಾಸ್ತಿ ಬೇಕಾಗುತ್ತದೆ. ಗಾಳಿಗೆ ‘ಡೈ ಡೌನ್’. ಬೆಂಕಿಗೆ, ಗಲಾಟೆಗೆ, ಗಾಳಿಸುದ್ದಿಗೂ ಅದೇ. ಅಬೇಟ್ ಪೇಪರ್‌ನವರ ಇಂಗ್ಲಿಷು, ಅತಿಥಿಗೆ ಕಳಿಸೋ ಮೆಸೇಜಿಗೆ ಸ್ವಲ್ಪ ಬಿಗಿ.

ಹೊಳೆಯದ್ದೇ ಸೂಕ್ಷ್ಮ. ಗದ್ದೆಗೆ ನುಗ್ಗಿದ ನೀರು ಹಿಂದೆ ಸರಿದರೆ ‘ರಿಸೀಡ್’. ಮಟ್ಟ ಇಳಿದರೆ ‘ಫಾಲ್’ ಅಥವಾ ‘ಡ್ರಾಪ್’. ಲಿಂಗನಮಕ್ಕಿ ಜಲಾಶಯ ನೋಡಿ, ಪೂರ್ಣ ಮಟ್ಟ 1819 ಅಡಿ. ಬೇಸಿಗೆಯಲ್ಲಿ ಫಾಲ್ ಆಗೋದು ಆ ಲೆವೆಲ್ಲು. ನೀರು ರಿಸೀಡ್ ಆಗುತ್ತಾ ಹೋದರೆ, 1964ರಲ್ಲಿ ಅದರೊಳಗೆ ಮುಳುಗಿದ ಹಳೇ ಹಿರೇಭಾಸ್ಕರ ಅಣೆಕಟ್ಟು ಹೊರಗೆ ಕಾಣುತ್ತದೆ. ನನ್ನ ಕೂದಲೂ ಹಣೆಯಿಂದ ರಿಸೀಡ್ ಆಗಿದೆ, ಅದಕ್ಕೂ ಇದೇ ಪದ. ಪ್ರವಾಹಕ್ಕೆ ‘ಸಬ್‌ಸೈಡ್’ ಕೂಡ ಸರಿ. ಎದ್ದದ್ದು ತಣ್ಣಗೆ ಕೆಳಗೆ ಕೂತರೆ ಅದು: ನೆರೆ, ಸಿಟ್ಟು, ನಗು. ನೆಲ ಕುಸಿದು ಕೂತರೂ ಅದೇ, ಹಾಗಾಗಿ ಮನೆ ವಿಷಯದಲ್ಲಿ ಹುಷಾರು.

ಡ್ವಿಂಡಲ್ ಅಂದರೆ ಬರ್ತಾ ಬರ್ತಾ ಚೂರೇ ಉಳಿಯುವುದು, ಏಪ್ರಿಲ್‌ನಲ್ಲಿ ಜೋಗದ ನೀರಿನ ಹಾಗೆ. ವೇನ್ ಚಂದ್ರನಿಗೆ, ಆಸಕ್ತಿಗೆ, ಪ್ರಭಾವಕ್ಕೆ. ಮಳೆಗೆ ಬೇಡ.

ನೈಟ್‌ ಡ್ಯೂಟಿ (ಶಿವಮೊಗ್ಗ):
ಮೇಷ್ಟ್ರೇ, ಜ್ವರ ಬಿಟ್ಟೇಬಿಟ್ರಿ! ನಾನು ನರ್ಸ್, ನನಗೆ ದಿನಾ ಬೇಕಾಗೋದು ಅದು. ಟೆಂಪರೇಚರ್ ‘ಕಮ್ಸ್ ಡೌನ್’. ಊತ ‘ಗೋಸ್ ಡೌನ್’ ಅಥವಾ ‘ಸಬ್‌ಸೈಡ್ಸ್’. ನೋವು ‘ಈಸಸ್’. ಮಾತ್ರೆಯ ಪರಿಣಾಮ ಇಳಿದರೆ ‘ವೇರ್ಸ್ ಆಫ್’. ಇದೊಂದನ್ನು ತಪ್ಪಬಾರದು. ‘ಪೇನ್ ಈಸ್ಡ್’ ಒಳ್ಳೆ ಸುದ್ದಿ, ‘ಪೇನ್‌ಕಿಲ್ಲರ್ ವೋರ್ ಆಫ್’ ಅಂದರೆ ರೋಗಿ ಮತ್ತೆ ಕೂಗೋಕೆ ಶುರು.

ಕೇಸುಗಳ ಸಂಖ್ಯೆಗೆ ‘ಟೇಪರ್ ಆಫ್’. ಮಂಗನ ಕಾಯಿಲೆ ಗೊತ್ತಲ್ಲ, 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದದ್ದು. ಬೇಸಿಗೆ ಮುಗಿದು ಮಳೆ ಹಿಡಿದರೆ ಕೇಸು ಒಂದೊಂದಾಗಿ ಇಳಿಯುತ್ತವೆ. ಅದೇ ಟೇಪರ್ ಆಫ್. ಒಂದೇ ದಿನಕ್ಕೆ ನಿಂತರೆ ಆ ಪದ ಹೊಂದಲ್ಲ.

ಚಾಲಿ ಅಡಿಕೆ:
ಅಡಿಕೆ ರೇಟಿಗೆ ಏನು ಹಾಕೋದು ಸಾರ್?

ಸಾಗರದ ಮೇಷ್ಟ್ರು:
ಚೂರು ಇಳಿದರೆ ‘ಸ್ಲಿಪ್’, ಧಡಕ್ಕನೆ ಬಿದ್ದರೆ ‘ಕ್ರ್ಯಾಶ್’. ಅಡಿಕೆ ಒಣಗಿ ಸುಕ್ಕಾದರೆ ‘ಶ್ರಿವಲ್’. ಲುಂಗಿ ಒಗೆದು ಗಿಡ್ಡ ಆದರೆ ‘ಶ್ರಿಂಕ್’, ಶ್ರ್ಯಾಂಕ್, ಶ್ರಂಕ್. ನರ್ಸಮ್ಮ ಹೇಳಿದ್ದು ಸರಿ, ಜ್ವರ ನನಗೆ ಹೊಳೆಯಲೇ ಇಲ್ಲ.

ಚಾಲಿ ಅಡಿಕೆ:
ಹಾಗಾದರೆ ಈ ವಾರ ಸ್ಲಿಪ್. ಕ್ರ್ಯಾಶ್ ಅಂತ ಬರೆಯೋಕೆ ಕೈ ಬರಲ್ಲ.