ಅಣುಶಕ್ತಿ ವಿಮಾನವಾಹಕದ ಮಾದರಿ ತಿರುಗುವಾಗ ಮಗುಚುತ್ತದೆ, ಎಂತ ಮಾಡುವುದು?

ತೋಟದಕೆರೆ, ಬದಿಯಡ್ಕ:
ಅಳಿಯನೂ ನಾನೂ ಸೇರಿ ಪಡುದ್ವೀಪ ಅಂತ ಒಂದು ದೇಶ ಕಲ್ಪಿಸಿ ನಕ್ಷೆ, ಬಾವುಟ ಎಲ್ಲ ಬರೆದಿದ್ದೇವೆ. ಅದರ ನೌಕಾಪಡೆಯ ಅಣುಶಕ್ತಿ ವಿಮಾನವಾಹಕ ‘ಕಡಲಕೇಸರಿ’. ಅಮೆರಿಕದ ನಿಮಿಟ್ಜ್ ಅಳತೆ ಹಿಡಿದು 1:350ರಲ್ಲಿ ಕಟ್ಟಿದೆ, 95 ಸೆಂ.ಮೀ. ಉದ್ದ, ರಿಮೋಟಿನದ್ದು. ಒಡಲು ಫೈಬರ್, ಡೆಕ್ 6 ಮಿ.ಮೀ. ಪ್ಲೈವುಡ್, ಒಟ್ಟು ತೂಕ 1.6 ಕೆ.ಜಿ. ಅಣುಶಕ್ತಿಯದ್ದಲ್ಲವಾ, ಎಣ್ಣೆ ಟ್ಯಾಂಕ್ ಬೇಡ ಅಂತ ತಳ ಖಾಲಿ ಬಿಟ್ಟೆ. ನೆಟ್ಟಗೆ ಚೆಂದ ಹೋಗ್ತದೆ. ಎಡಕ್ಕೆ ತಿರುಗಿಸಿದ ಕೂಡಲೇ ಬಲಕ್ಕೆ ಮಗುಚುತ್ತದೆ. ಎರಡು ಸಲ ಕೆರೆಗೆ ಇಳಿದು ತೆಗೆದೆ. ಅಳಿಯನ ಮುಖ ನೋಡಲಿಕ್ಕಾಗುವುದಿಲ್ಲ.

ಬೀಸುಬಲೆ, ಕುಂಬಳೆ:
ತಳ ಖಾಲಿ ಬಿಟ್ಟದ್ದೇ ತೊಂದರೆ ಮಾರಾಯ್ರೇ. ರಿಯಾಕ್ಟರ್, ಅದರ ಸುತ್ತ ವಿಕಿರಣ ತಡೆಯುವ ಕವಚ, ಎಲ್ಲ ವಿಪರೀತ ಭಾರ, ಇರುವುದು ಹಡಗಿನ ಕೆಳಭಾಗದಲ್ಲಿ. ತನಗೆ ಎಣ್ಣೆ ಬೇಡದಿದ್ದರೂ ವಿಮಾನಗಳಿಗೆ ಇಂಧನ ಹೊರಲೇಬೇಕು. ನಿಮಿಟ್ಜ್ ಸುಮಾರು 1 ಲಕ್ಷ ಟನ್. ಅದನ್ನು 350ರಿಂದ ಮೂರು ಸಲ ಭಾಗಿಸಿ, 2.3 ಕೆ.ಜಿ. ಬರುತ್ತದೆ. ನಿಮ್ಮದು 700 ಗ್ರಾಂ ಕಡಿಮೆ, ಇರುವ ತೂಕವೂ ಮೇಲೆಯೇ. ಪ್ಲೈವುಡ್ ತೆಗೆದು 3 ಮಿ.ಮೀ. ಸನ್‌ಬೋರ್ಡ್ (ಹಗುರದ ಫೋಮ್ ಹಲಗೆ) ಹಾಕಿ. ಉಳಿದದ್ದಕ್ಕೆ ಬೀಸುಬಲೆಯ ಸೀಸದ ಗುಂಡು ತಂದು ತಳದ ನಡುಗೆರೆಗೆ ಉದ್ದಕ್ಕೆ ಅಂಟಿಸಿ. ಬ್ಯಾಟರಿಯೂ ತಳಕ್ಕೇ ಇರಲಿ.

ನೀವು ಹಾಕಿದ ಮಾದರಿಯ ಫೋಟೋದಲ್ಲಿ ದೊಡ್ಡ ಹೊಗೆಕೊಳವೆ ಕಂಡಿತು. ಕೊಚ್ಚಿಯಲ್ಲಿ ಕಟ್ಟಿದ ವಿಕ್ರಾಂತ್ ನೋಡಿ ಮಾಡಿದ್ದಿರಬೇಕು. ಅದು ಗ್ಯಾಸ್ ಟರ್ಬೈನ್ ಹಡಗು, ಅದಕ್ಕೆ ಬೇಕು. 1961ರಲ್ಲಿ ಸೇವೆಗೆ ಸೇರಿದ ಅಮೆರಿಕದ ಅಣುಶಕ್ತಿ ವಿಮಾನವಾಹಕ ಎಂಟರ್‌ಪ್ರೈಸ್‌ಗೆ 8 ರಿಯಾಕ್ಟರ್ ಇದ್ದವು, ಅಂಥ ಕೊಳವೆ ಇರಲಿಲ್ಲ. ಪಡುದ್ವೀಪದವರಿಗೂ ಬೇಡ, ಮೇಲಿನ ಭಾರ ಅಷ್ಟು ಇಳಿಯಲಿ.

ಗಡಿಯಾಚೆ, ಮಂಜೇಶ್ವರ:
ವೇಗ ಎಷ್ಟು? ಹಡಗು ತಿರುಗುವಾಗ ಹೊರಬದಿಗೆ ವಾಲುವುದು ಸಹಜ, ವೇಗ ಇಮ್ಮಡಿಯಾದರೆ ವಾಲಿಸುವ ಬಲ ನಾಲ್ಕು ಪಟ್ಟು. ಮಾದರಿಗೆ ನಿಜ ಹಡಗಿನ ವೇಗವನ್ನು 350ರ ವರ್ಗಮೂಲದಿಂದ, ಅಂದರೆ 18.7ರಿಂದ ಭಾಗಿಸಬೇಕು. ನಿಜ ಹಡಗಿನ 30 ನಾಟ್ (ಗಂಟೆಗೆ ಸುಮಾರು 55 ಕಿ.ಮೀ.) ಅಂದರೆ ಕೆರೆಯಲ್ಲಿ ಸೆಕೆಂಡಿಗೆ 80 ಸೆಂ.ಮೀ. ಮಾತ್ರ.

ತೋಟದಕೆರೆ:
6 ಮೀಟರ್ ಕೆರೆಯನ್ನು 3 ಸೆಕೆಂಡಿನಲ್ಲಿ ದಾಟುತ್ತಿತ್ತು! ನಿಜ ಹಡಗಿಗೆ ಲೆಕ್ಕ ಹಾಕಿದರೆ 70 ನಾಟ್ ಮೀರಿತು. ಈಗ ವೇಗ ಇಳಿಸಿದೆ, ಡೆಕ್ ಬದಲಿಸಿದೆ, ಕೊಳವೆ ಕಿತ್ತೆ. ಸೀಸ 1 ಕೆ.ಜಿ.ಗಿಂತ ಸ್ವಲ್ಪ ಹೆಚ್ಚೇ ಹಿಡಿಯಿತು. ಮಗುಚುವುದಿಲ್ಲ. ಆದರೆ ಹತ್ತು ನಿಮಿಷ ಓಡಿಸಿದ ಮೇಲೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿ ಹಾಗೇ ನಿಲ್ಲುತ್ತದೆ. ಬಲಕ್ಕೆ ಮಾತ್ರ ಆದರೆ ಡೆಕ್ಕಿನ ಬಲಬದಿಯ ಕಟ್ಟಡದ ಭಾರ ಅನ್ನಬಹುದಿತ್ತು, ನಿಮಿಟ್ಜ್ ಹಡಗುಗಳಿಗೂ ಬಲಕ್ಕೆ ವಾಲುವ ಗುಣ ಉಂಟಂತೆ.

ಬೀಸುಬಲೆ:
ಎರಡೂ ಕಡೆಗಾದರೆ ಒಳಗೆ ನೀರು. ವಾಲಿದ ಕಡೆಗೇ ಓಡಿ ಇನ್ನಷ್ಟು ವಾಲಿಸುತ್ತದೆ, ಒಂದು ಲೋಟ ಸಾಕು. ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ.

ತೋಟದಕೆರೆ:
ಗುಳುಗುಳು ಅಂತ ಕೇಳಿತು. ಪ್ರೊಪೆಲ್ಲರ್ ದಂಡದ ನಳಿಗೆಯಲ್ಲಿ ಗ್ರೀಸ್ ಒಣಗಿ, ಅಲ್ಲಿಂದ ಹನಿಹನಿಯಾಗಿ ಇಳಿಯುತ್ತಿತ್ತು. ನಾಲ್ಕು ನಳಿಗೆಗೂ ಹೊಸ ಗ್ರೀಸ್ ತುಂಬಿ, ಒಳಗೆ ಎರಡು ಅಡ್ಡಗೋಡೆ ಕಟ್ಟಿದೆ. ಇಂದು ಸಂಜೆ ಅರ್ಧ ಗಂಟೆ ಓಡಿಸಿದೆವು. ಕಡೆಯ ಹತ್ತು ನಿಮಿಷ ರಿಮೋಟ್ ಅಳಿಯನ ಕೈಯಲ್ಲಿತ್ತು. ಎಡಕ್ಕೂ ತಿರುಗಿಸಿದ, ಡೆಕ್ ನೆನೆಯಲಿಲ್ಲ. ಇಬ್ಬರಿಗೂ ತುಂಬ ಉಪಕಾರ.