ಅಪ್‌ಡೇಟ್: ಛದ್ಮವೇಷದ ನಾಯಿ ಕಿವಿ ಈಗ ಕಳಚುತ್ತಿಲ್ಲ

ಫೋಮ್ ಶೀಟಿನ ಕಿವಿ ಹೇರ್‌ಬ್ಯಾಂಡಿನಿಂದ ಕಿತ್ತು ಬರುತ್ತದೆ, ಏನು ಮಾಡಲಿ ಎಂದು ಕೇಳಿದ್ದೆ. ಸಲಹೆ ಕೊಟ್ಟವರಿಗೆ ಥ್ಯಾಂಕ್ಸ್, ಕೆಲಸ ಆಯ್ತು.

ನುಣುಪು ಪ್ಲಾಸ್ಟಿಕ್ಕಿನ ಮೇಲೆ ಬಿಸಿ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಕಿವಿ ಅಲುಗಾಡಿದಂತೆ ಸಿಪ್ಪೆ ಥರ ಏಳುತ್ತದೆ. ಮೊದಲು ಬ್ಯಾಂಡಿಗೆ ಹತ್ತಿ ಬಟ್ಟೆಯ ಪಟ್ಟಿ ಬಿಗಿಯಾಗಿ ಸುತ್ತಿ. ಕಿವಿಯ ಬುಡದಲ್ಲಿ 3 ಸೆಂ.ಮೀ. ಹೆಚ್ಚಿಗೆ ಬಿಟ್ಟು ಕತ್ತರಿಸಿ, ಅದನ್ನು ಬ್ಯಾಂಡಿನ ಸುತ್ತ ಮಡಚಿ ಕಿವಿಗೇ ಅಂಟಿಸಿ, ಮೇಲೆ ನಾಲ್ಕು ಹೊಲಿಗೆ ಹಾಕಿ. ಜೋತುಬೀಳುವ ಕಿವಿಗೆ 2 ಮಿ.ಮೀ. ಫೋಮ್ ಸಾಕು. ನೆಟ್ಟಗೆ ನಿಲ್ಲಬೇಕಾದರೆ ಎರಡು ಪದರದ ನಡುವೆ ಪೈಪ್ ಕ್ಲೀನರ್ (ಕ್ರಾಫ್ಟಿಗೆ ಬಳಸುವ, ಬಾಗಿಸಬಹುದಾದ ಜುಂಗಿನ ತಂತಿ) ಇಡಿ, ತುದಿ ಮಡಚಿರಲಿ, ಇಲ್ಲದಿದ್ದರೆ ತಲೆಗೆ ಚುಚ್ಚುತ್ತದೆ.

ಬಾಲಕ್ಕೆ ಹಳೆ ಕಾಲುಚೀಲ, ಒಳಗೆ ಹತ್ತಿ. ಚಡ್ಡಿಗೆ ಪಿನ್ ಹಾಕಬೇಡಿ, ಎಲಾಸ್ಟಿಕ್ ಪಟ್ಟಿಗೆ ಹೊಲಿದು ಸೊಂಟಕ್ಕೆ ಹಾಕಿ. ಮುಖವಾಡವಂತೂ ಬೇಡವೇ ಬೇಡ, ಮೂಗಿನ ತುದಿಗೆ ಕಾಡಿಗೆ ಸಾಕು.